ತಾರಸಿಗೇ ಬರುತ್ತದೆ ಟ್ಯಾಂಕರ್!

ಒಂದು ಚದರ ಮೀಟರ್ ಜಾಗ. ಅದರ ಮೇಲೆ ಒಂದು ಮಿಲಿಮೀಟರ್ ಮಳೆ. ಎಷ್ಟು ನೀರು ಸಿಕ್ಕೀತು, ಹೇಳಿ ನೋಡೋಣ? ಸರಿಯಾಗಿ ಒಂದು ಲೀಟರ್! ಕ್ಯಾಲ್ಕುಲೇಟರೂ ಬೇಡ.

ಈಗ ಬೆಂಗಳೂರಿನ 30×40 ಅಡಿ ಸೈಟಿಗೆ ಬನ್ನಿ. ಅಂದರೆ ಸುಮಾರು 111 ಚದರ ಮೀಟರ್. ಊರಿನ ಮಳೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು. ಗುಣಿಸಿದಿರಾ? ಲಕ್ಷ ಲೀಟರ್ ದಾಟಿತು! 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 18. ಒಂದಿಷ್ಟು ಆರಿಹೋಗುತ್ತದೆ, ಒಂದಿಷ್ಟು ಚೆಲ್ಲಿಹೋಗುತ್ತದೆ, ನಿಜ. ಆದರೂ ಫೋನ್ ಮಾಡಿ ಗೋಗರೆಯದೆ ಬಂದ ಟ್ಯಾಂಕರುಗಳಲ್ಲವೇ!

ಅದೇ ಊರಿಗೆ ಕಾವೇರಿ ಬರುವುದು ಎಲ್ಲಿಂದ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿ.ಮೀ. ಪಯಣ. ದೂರವಷ್ಟೇ ಅಲ್ಲ, ದಾರಿಯುದ್ದಕ್ಕೂ ಪಂಪು ಹಚ್ಚಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಮಳೆಗೆ ಆ ತಾಪತ್ರಯವಿಲ್ಲ. ಅದು ಮೇಲಿಂದಲೇ ಇಳಿಯುತ್ತದೆ!

ಬರೀ ಮಳೆನೀರಿನಲ್ಲೇ ಸಂಸಾರ ಸಾಗೀತೇ ಅಂತೀರಾ? ಬೆಂಗಳೂರಿನ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರ ಮನೆಯಲ್ಲಿ 1995ರಿಂದ ಸಾಗುತ್ತಿದೆ. ಅವರು ಜಲಮಂಡಳಿಯ ನಲ್ಲಿಯನ್ನೇ ಹಾಕಿಸಿಕೊಳ್ಳಲಿಲ್ಲ! ಮೊದಲು ಅವರು ಕೂತು ನೋಡಿದ್ದು ಹಳೆಯ ಮಳೆಯ ದಾಖಲೆಗಳನ್ನು. ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ಅತಿ ಹೆಚ್ಚೆಂದರೆ ಎಷ್ಟು ದಿನ? ಸುಮಾರು ನೂರು. ಮನೆಗೆ ದಿನಕ್ಕೆ 400 ಲೀಟರ್ ಬೇಕು. ಹಾಗಾದರೆ ನೂರು ದಿನಕ್ಕೆ 40,000 ಲೀಟರ್ ಕೂಡಿಟ್ಟರೆ ಸಾಕು! ಮೂರನೇ ಕ್ಲಾಸಿನ ಲೆಕ್ಕ. ನಮಗ್ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಚಿತ್ರದುರ್ಗದ ಕೋಟೆ ಹತ್ತಿದ್ದೀರಾ? ಒನಕೆ ಓಬವ್ವನ ಕಿಂಡಿ ನೋಡಿ ಇಳಿದುಬಿಟ್ಟಿರಾ? ಛೇ! ಅಲ್ಲಿನ ಹೊಂಡಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಗೋಪಾಲಸ್ವಾಮಿ ಹೊಂಡ ತುಂಬಿ ಉಕ್ಕಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಮಳೆ ಕಮ್ಮಿಯ ಸೀಮೆಯಲ್ಲಿ, ಬರೀ ಬಂಡೆಗಳ ಮೇಲೆ, ಒಂದು ಮೋಟರೂ ಇಲ್ಲದೆ!

ಬಾವಿಯನ್ನು ಕೆಳಕ್ಕೆ ತೋಡುತ್ತಾರೆ ತಾನೇ? ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಅಡ್ಡಕ್ಕೆ ತೋಡುತ್ತಾರೆ! ಹೆಸರು ಸುರಂಗ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ತಾನಾಗಿ ಜಿನುಗಿ ಅಂಗಳಕ್ಕೆ ಹರಿದು ಬರುತ್ತದೆ. ಹಗ್ಗವಿಲ್ಲ, ರಾಟೆಯಿಲ್ಲ, ಕರೆಂಟ್ ಬಿಲ್ಲೂ ಇಲ್ಲ.

ಬರ್ಮುಡಾ ಅಂದರೆ ಚಡ್ಡಿ ನೆನಪಾಯಿತೇ? ಆ ದ್ವೀಪದಲ್ಲಿ ಒಂದೇ ಒಂದು ನದಿಯಿಲ್ಲ! ಹಾಗಾಗಿ ಮನೆಮನೆಯ ಚಾವಣಿಯೂ ಸುಣ್ಣ ಬಳಿದ ಬಿಳಿ ಮೆಟ್ಟಿಲಿನಂತೆ. ಮಳೆ ಮೆಟ್ಟಿಲಿಳಿದು ನೆಲದಡಿಯ ತೊಟ್ಟಿ ಸೇರುತ್ತದೆ.

ಟೋಕಿಯೋದಲ್ಲಿ ಸುಮೋ ಕುಸ್ತಿಯ ಕ್ರೀಡಾಂಗಣವಿದೆ, ಕೊಕುಗಿಕಾನ್. ಅದರ ಚಾವಣಿಯ ಮಳೆನೀರು ಹೋಗುವುದೆಲ್ಲಿಗೆ? ಶೌಚಾಲಯದ ಫ್ಲಶ್ಶಿಗೆ!

ಮಳೆ ಅಳೆಯುವುದು ಹವಾಮಾನ ಇಲಾಖೆ ಬಂದಮೇಲೆ ಶುರುವಾಯಿತು ಅಂದುಕೊಂಡಿರಾ? ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಮಳೆಮಾಪಕದ ಮಾತಿದೆ. ಇಡಬೇಕಾದ ಜಾಗ? ಉಗ್ರಾಣದ ಮುಂದೆ! ದಿನಸಿಯ ಮನೆಗೂ ಮಳೆಗೂ ನಂಟು ನೋಡಿ.

ಇನ್ನು ಅಡುಗೆಮನೆಯ ಸುದ್ದಿ. ಗಡಸು ಬೋರ್‌ವೆಲ್ ನೀರಿನಲ್ಲಿ ಬೇಯಲು ಸತಾಯಿಸುವ ಬೇಳೆ ಮಳೆನೀರಿನಲ್ಲಿ ಬೇಗ ಮೆತ್ತಗಾಗುತ್ತದೆ. ಸೋಪಂತೂ ಬುರುಬುರು ನೊರೆ! ಮಳೆನೀರಿನಲ್ಲಿ ಲವಣ ತೀರಾ ಕಡಿಮೆ, ಅದೇ ಗುಟ್ಟು. ಮೊದಲ ಮಳೆಯನ್ನು ಮಾತ್ರ ಹಿಡಿಯಬೇಡಿ. ಅದರಲ್ಲಿ ತಾರಸಿಯ ದೂಳೂ ಇರುತ್ತದೆ, ಪಾರಿವಾಳದ ಪ್ರಸಾದವೂ!

ಮಳೆಕೊಯ್ಲಿಗೆಂದೇ ಬೆಂಗಳೂರಿನ ಜಯನಗರದಲ್ಲಿ ಒಂದು ಪಾರ್ಕಿದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ಆ ಕಡೆ ಹೋದಾಗ ಒಮ್ಮೆ ಹೊಕ್ಕು ಬನ್ನಿ. ಹೊರಡುವ ಮುಂಚೆ ನಿಮ್ಮ ತಾರಸಿಯ ಉದ್ದಗಲ ಅಳೆದುಕೊಂಡಿರಿ!