ಹಟ್ಟಿಗೆ ಜನ ಸಿಕ್ಕಿದರೆ ಕಡಲು ದೂರವಲ್ಲ

ನಮ್ಮ ಕಾಣಿಯೂರಿನಿಂದ ಕಡಲಿಗೆ ಬಸ್ಸಿನಲ್ಲಿ ಎರಡೂವರೆ - ಮೂರು ಗಂಟೆಯ ದಾರಿ. ಹಾಗಿದ್ದರೂ ಮನೆಮಂದಿಯೆಲ್ಲ ಒಟ್ಟಿಗೆ ಕಡಲ ಬದಿಯಲ್ಲಿ ಒಂದು ರಾತ್ರಿ ಕಳೆದ ಕೃಷಿಕ ಕುಟುಂಬಗಳು ನನ್ನ ಪರಿಚಯದಲ್ಲಿ ಬೆರಳೆಣಿಕೆಯಷ್ಟು. ಪಣಂಬೂರಿಗೋ ಸೋಮೇಶ್ವರಕ್ಕೋ ಹೋಗುತ್ತೇವೆ. ಕಾಲು ಒದ್ದೆ ಮಾಡಿ, ಚರುಮುರಿ ತಿಂದು, ಮೂರು ಗಂಟೆಗೆ ಗಡಿಯಾರ ನೋಡಲು ಸುರು ಮಾಡುತ್ತೇವೆ. ಸಂಜೆಯ ಹಾಲು ಕರೆಯಬೇಕಲ್ಲ! ಅಷ್ಟು ಮಾಡಿದರೂ ಒಬ್ಬರು ಮನೆಯಲ್ಲಿ ಉಳಿದಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಹಟ್ಟಿ ನೋಡುವ ಹೆಂಗಸು.

ಪ್ರವಾಸ ಎಂದ ಕೂಡಲೇ ನಾವು ಖರ್ಚಿನ ಮಾತು ಎತ್ತುತ್ತೇವೆ. ನಿಜ ಹೇಳಬೇಕಾದರೆ ನಮ್ಮಂಥವರನ್ನು ಕಟ್ಟಿಹಾಕುವುದು ದುಡ್ಡಲ್ಲ. ಮನೆ ನೋಡಲು ಯಾರು ಎಂಬ ಪ್ರಶ್ನೆ. ಮೂರು ದಿನದ ಮದುವೆಗೆ ಹೇಗಾದರೂ ಜನ ಹೊಂದಿಸುವ ನಾವು, ಕಡಲು ನೋಡಲಿಕ್ಕೆ ಅಂತ ಜನ ಕೇಳಲು ನಾಚುತ್ತೇವೆ.

ನಮ್ಮದು ಒಂದೂವರೆ ಎಕ್ರೆ ಅಡಿಕೆ ತೋಟ, ಎರಡು ದನ. ಮನೆಯಲ್ಲಿ ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಅಮ್ಮ ಗೋಕರ್ಣ ನೋಡಿದ್ದು ಒಂದೇ ಸಲ, ಅಪ್ಪನ ಕ್ರಿಯೆಗೆ ಹೋದಾಗ. "ಆಗ ಕಡಲು ನೋಡುವ ಮನಸ್ಸೆಲ್ಲಿತ್ತು?" ಎಂದು ಅವರು ಹೇಳಿದ ಮೇಲೆ ನಾನು ಕಾಗದ - ಪೆನ್ನು ಹಿಡಿದು ಕೂತೆ. ಕಳೆದ ಅಕ್ಟೋಬರಿನಲ್ಲಿ ಐದೂ ಜನ ಮೂರು ದಿನ, ಎರಡು ರಾತ್ರಿ ಹೋಗಿ ಬಂದೆವು. ಆ ಯೋಜನೆ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೋಟದ ಪಂಚಾಂಗ

ಮಕ್ಕಳಿಗೆ ರಜೆ ಎರಡು ಹೊತ್ತು - ಬೇಸಿಗೆ ಮತ್ತು ದಸರಾ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಕೆಲಸ ಜೋರು. ಕರೆಂಟು ಬಂದಾಗ ಪಂಪು, ಪಂಪು ನಡೆವಾಗ ಜೆಟ್ಟು ಬದಲಿಸುವುದು. ಇದನ್ನು ಬೇರೆಯವರ ತಲೆಗೆ ಹಾಕುವುದು ಕಷ್ಟ. ನವೆಂಬರಿನಿಂದ ಕೊಯ್ಲು, ಅಂಗಳದಲ್ಲಿ ಅಡಿಕೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ಮಳೆ ಮತ್ತು ಮದ್ದು ಬಿಡುವ ಗಡಿಬಿಡಿ. ಬೋರ್ಡೋ ದ್ರಾವಣಕ್ಕೆ 40 - 45 ದಿನದ ಅಂತರ ಇಡುವವರಿಗೆ ಮಧ್ಯದಲ್ಲಿ ಒಂದು ಹೊಳವಿನ ದಿನ ತಪ್ಪಿದರೂ ಕೊಳೆರೋಗದ ಹೆದರಿಕೆ.

ಹೀಗೆ ಕಳೆಯುತ್ತ ಹೋದರೆ ಉಳಿಯುವುದು ದಸರಾ ಕಳೆದು ದೀಪಾವಳಿ ಬರುವ ಮೊದಲಿನ ಸುಮಾರು 20 ದಿನ. ಕೊನೆಯ ಮದ್ದು ಮುಗಿದಿರುತ್ತದೆ, ನೆಲದಲ್ಲಿ ತೇವ ಉಂಟು, ಅಂಗಳ ಖಾಲಿ. ನವರಾತ್ರಿಯ ದಿನಗಳಲ್ಲಿ ದೇವಸ್ಥಾನಗಳಲ್ಲೂ ಬಸ್ಸುಗಳಲ್ಲೂ ನೂಕುನುಗ್ಗಲು. ವಿಜಯದಶಮಿ ದಾಟಿದರೆ ಅದೂ ತಗ್ಗುತ್ತದೆ. ಮಕ್ಕಳ ರಜೆ ಎಂದಿಗೆ ಮುಗಿಯುತ್ತದೆ ಎಂದು ಶಾಲೆಯಲ್ಲಿ ಕೇಳಿ ದಿನ ಗೊತ್ತು ಮಾಡಿ. ಸಂಜೆ ಗುಡುಗು ಮಳೆ ಬರುವ ಕಾಲ, ಕೊಡೆ ಮರೆಯಬೇಡಿ.

ಮಳೆಗಾಲದಲ್ಲಿ ಕಡಲು ಚಂದ ಎಂದು ಹೊರಡುವವರಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಮುಂದಿನ ತಿಂಗಳು, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿಯಿತು. ಮಕ್ಕಳು - ಮುದುಕರನ್ನು ಕಟ್ಟಿಕೊಂಡು ಮಳೆಗಾಲದಲ್ಲಿ ಆ ದಾರಿ ಬೇಡ.

ಹಟ್ಟಿಯ ಲೆಕ್ಕ

ದಿನ ಗೊತ್ತುಮಾಡುವ ಮೊದಲು ಹಟ್ಟಿಯ ಡೈರಿ ನೋಡಬೇಕು. ದನಕ್ಕೆ ಗರ್ಭ ನಿಂತು ಕರು ಹಾಕಲು ಸುಮಾರು 280 ದಿನ. ಜನವರಿ 15ಕ್ಕೆ ಇಂಜೆಕ್ಷನ್ ಕೊಡಿಸಿ ನಿಂತಿದ್ದರೆ ಅಕ್ಟೋಬರ್ 22ರ ಹೊತ್ತಿಗೆ ಕರು. ಅದರ ಆಚೆ - ಈಚೆ ಹತ್ತು ದಿನ ಮನೆ ಬಿಡುವ ಹಾಗಿಲ್ಲ. ಬೆದೆಗೆ ಕಾಯುತ್ತಿರುವ ದನವಿದ್ದರೆ ಹಿಂದಿನ ಬೆದೆಯಿಂದ 21 ದಿನ ಲೆಕ್ಕ ಹಾಕಿ, ಆ ದಿನಗಳನ್ನೂ ಬಿಡಿ.

ಹೊಸ ಕೈಗೆ ದನ ಕೂಡಲೇ ಹಾಲು ಬಿಡುವುದಿಲ್ಲ. ಅದಕ್ಕೇ ಹೊರಡುವ ಒಂದು ವಾರ ಮೊದಲಿಂದ ಆಚೆಮನೆ ಅಕ್ಕ ಸಂಜೆ ಹೊತ್ತು ಬಂದು ನನ್ನಾಕೆಯ ಒಟ್ಟಿಗೆ ಕೂತು ಕರೆದರು. ಮೊದಲ ಎರಡು ದಿನ ಇವಳು ಅರ್ಧ, ಅವರು ಅರ್ಧ. ಐದನೇ ದಿನಕ್ಕೆ ದನ ತಲೆ ತಿರುಗಿಸಿ ನೋಡುವುದನ್ನೂ ಬಿಟ್ಟಿತು.

ಹಿಂಡಿಯನ್ನು ಹೊತ್ತಿಗೊಂದರಂತೆ ಚೀಲದಲ್ಲಿ ಅಳೆದು ಕಟ್ಟಿಟ್ಟೆವು. ಮೂರು ದಿನಕ್ಕೆ ಎರಡು ದನ, ಎರಡು ಹೊತ್ತು - ಒಟ್ಟು 12 ಕಟ್ಟು. ಹೀಗೆ ಮಾಡಿದರೆ ಹೆಚ್ಚುಕಡಿಮೆ ತಿನ್ನಿಸಿ ಹೊಟ್ಟೆ ಉಬ್ಬರಿಸುವ ಭಯವಿಲ್ಲ. ಬೈಹುಲ್ಲು ಅಟ್ಟದಿಂದ ಇಳಿಸಿ ಕೈಗೆ ಸಿಗುವಲ್ಲಿ ಇಟ್ಟೆವು. ಮೊದಲ ದಿನದ ಹಸಿಹುಲ್ಲು ನಾವೇ ಕೊಯ್ದದ್ದು. ಸೊಸೈಟಿಗೆ ಹಾಲು ಕೊಡುವ ಪುಸ್ತಕ, ಪಶುವೈದ್ಯರ ಫೋನ್ ನಂಬರು, ನಾಯಿಯ ಅನ್ನದ ಅಳತೆ, ನೀರಿನ ಗೇಟುವಾಲ್ವು ಯಾವ ಕಡೆಗೆ ತಿರುಗಿಸಬೇಕು ಎಂಬುದು - ಎಲ್ಲ ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಹಟ್ಟಿಯ ಕಂಬಕ್ಕೆ ಸಿಕ್ಕಿಸಿದ್ದೆ.

ಪ್ರವಾಸಕ್ಕೂ ಮುಯ್ಯಿ

ಗದ್ದೆ ಇದ್ದ ಕಾಲದಲ್ಲಿ ನೇಜಿಗೆ, ಕೊಯ್ಲಿಗೆ ಮುಯ್ಯಾಳು ಇತ್ತು. ಅವರ ಕೆಲಸಕ್ಕೆ ನಾವು, ನಮ್ಮ ಕೆಲಸಕ್ಕೆ ಅವರು. ಗದ್ದೆ ಹೋಗಿ ತೋಟವಾದ ಮೇಲೆ ಅದು ಕಡಿಮೆಯಾಯಿತು. ನಾನು ಆಚೆಮನೆ ಅಣ್ಣನಲ್ಲಿ ಸಂಬಳದ ಮಾತು ಎತ್ತಲಿಲ್ಲ. "ಅಣ್ಣ, ಮೂರು ದಿನ ನೀವು ನಮ್ಮ ಹಟ್ಟಿ ನೋಡಿ. ನಿಮಗೆ ಬೇಕಾದಾಗ ಮೂರು ದಿನ ನಿಮ್ಮ ಹಟ್ಟಿ ನಮ್ಮದು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇವಳಿಗೆ ಧರ್ಮಸ್ಥಳದಿಂದ ಆಚೆ ಒಂದು ಊರು ತೋರಿಸಿಲ್ಲ ಮಾರಾಯ, ಆಗಲಿ" ಎಂದರು. ಮುಯ್ಯಿ ಅಂದ ಕೂಡಲೇ ಅದು ಉಪಕಾರ ಕೇಳಿದ ಹಾಗಾಗಲಿಲ್ಲ. ಜನವರಿಯಲ್ಲಿ ಅವರು ಮಗಳ ಮನೆಗೆ ಹೋದಾಗ ಆ ಮೂರು ದಿನ ನಾವು ತೀರಿಸಿದೆವು.

ಮೂರು ದಿನಕ್ಕೆ ಎಷ್ಟು ದಾರಿ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರು. ಎಲ್ಲವನ್ನೂ ಒಂದೇ ಸಲ ನೋಡಹೊರಟರೆ ಬಸ್ಸಿನ ಕಿಟಕಿ ಮಾತ್ರ ನೋಡಿದ ಹಾಗಾಗುತ್ತದೆ. ದಿನಕ್ಕೆ ಎರಡು ಜಾಗ ಸಾಕು ಎಂದು ಮೊದಲೇ ಗೆರೆ ಹಾಕಿಕೊಂಡು, ಮರವಂತೆಯಿಂದ ಗೋಕರ್ಣದವರೆಗಿನ ತುಂಡನ್ನು ಆರಿಸಿದೆವು.

ಮೊದಲ ದಿನ ಕಾಣಿಯೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಮಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಉಡುಪಿ. ರಥಬೀದಿಯ ಅಷ್ಟಮಠಗಳಲ್ಲಿ ನಮ್ಮ ಊರ ಹೆಸರಿನ ಕಾಣಿಯೂರು ಮಠ ತೋರಿಸಿದಾಗ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಊಟ ಮುಗಿಸಿ ಕುಂದಾಪುರ ದಾಟಿ ಮರವಂತೆ. ಇಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಸೂರ್ಯ ಮುಳುಗುವವರೆಗೆ ಅಮ್ಮ ದಂಡೆಯಲ್ಲಿ ಕೂತಲ್ಲಿಂದ ಏಳಲಿಲ್ಲ. ರಾತ್ರಿ ಬೈಂದೂರು.

ಎರಡನೇ ದಿನ ಮುರುಡೇಶ್ವರ. 123 ಅಡಿಯ ಶಿವನ ಮೂರ್ತಿ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ಗಂಟುನೋವಿನವರೂ ಮೇಲಿನಿಂದ ಕಡಲು ನೋಡಬಹುದು. ಮಧ್ಯಾಹ್ನದ ಮೇಲೆ ಹೊನ್ನಾವರ, ಕುಮಟಾ ದಾಟಿ ಗೋಕರ್ಣ. ಹೊನ್ನಾವರದ ಹತ್ತಿರ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಶುಚಿತ್ವ, ಸುರಕ್ಷತೆಗಾಗಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಹೊತ್ತಿದ್ದವರು ಅಲ್ಲಿ ಇಳಿಯಬಹುದು.

ಮೂರನೇ ದಿನ ಬೆಳಗ್ಗೆ ಮಹಾಬಲೇಶ್ವರನ ದರ್ಶನ, ಕಡಲ ಬದಿ, ಆಮೇಲೆ ಹಿಂದಿರುಗುವುದು. ಕಾರವಾರ - ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್ ನಮ್ಮವರಿಗೆ ತುಂಬ ಅನುಕೂಲ. ಮಂಗಳೂರು ಪೇಟೆಗೆ ಹೋಗದೆ ಪಡೀಲಿನಿಂದಲೇ ತಿರುಗಿ ಕಬಕ ಪುತ್ತೂರಿಗೆ ಬರುತ್ತದೆ. ಸಂಜೆ ಕುಮಟಾದಲ್ಲಿ ಹತ್ತಿದರೆ ನಡುರಾತ್ರಿಯ ಹೊತ್ತಿಗೆ ಪುತ್ತೂರು. ಪುತ್ತೂರಿನಿಂದ ಮನೆಗೆ ಜೀಪು ಮೊದಲೇ ಹೇಳಿಡಬೇಕು. ರೈಲಿನ ಹೊತ್ತು ಆಗಾಗ ಬದಲಾಗುತ್ತದೆ, ನಿಲ್ದಾಣದಲ್ಲಿ ಕೇಳಿಯೇ ಹೊರಡಿ.

ಖರ್ಚಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಆಧಾರ್ ಕಾರ್ಡು ಕೈಯಲ್ಲಿರಬೇಕು. ನಮ್ಮ ಕಡೆ ಖಾಸಗಿ ಬಸ್ಸು ಹೆಚ್ಚು. ಹತ್ತು ನಿಮಿಷ ಕಾದು ಸರಕಾರಿ ಬಸ್ಸು ಹತ್ತಿದರೆ ಐದು ಜನರಲ್ಲಿ ಮೂವರ ಖರ್ಚು ಉಳಿಯುತ್ತದೆ. ಅಮ್ಮ, ನನ್ನಾಕೆ, ಮಗಳು - ನಮ್ಮಲ್ಲಿ ಹಾಗೇ ಆಯಿತು.

ಕೃಷಿಕರಿಗೆ ನೋಡಲಿಕ್ಕಿದೆ

ಕಡಲಂದರೆ ಬರೇ ಮರಳಲ್ಲ. ಕುಮಟಾ ಕಡೆ ಅಘನಾಶಿನಿ ಕಡಲು ಸೇರುವಲ್ಲಿ ಗಜನಿ ಗದ್ದೆಗಳಿವೆ. ಭರತದ ಹೊತ್ತಿಗೆ ಉಪ್ಪುನೀರು ಮೇಲೇರಿ ಬರುವ ಜಾಗ. ಅಲ್ಲಿನ ರೈತರು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತ ಬಂದಿದ್ದಾರೆ. ನಾವು ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಕಟ್ಟುವುದು ಸಿಹಿನೀರು ಹೊರಗೆ ಹೋಗದಿರಲಿ ಎಂದು. ಅವರು ಕಟ್ಟುವುದು ಉಪ್ಪುನೀರು ಒಳಗೆ ಬಾರದಿರಲಿ ಎಂದು. ಕೆಲಸ ಒಂದೇ, ನೀರಿನ ದಿಕ್ಕು ಬೇರೆ. ಮಗ ಇದನ್ನು ಬಹಳ ಹೊತ್ತು ಕೇಳಿದ.

ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳೂ ಇವೆ. ಉಪ್ಪು ತೆಗೆಯುವುದು ಬಿಸಿಲು ಏರಿದ ಮೇಲೆ. ಅಕ್ಟೋಬರಿನಲ್ಲಿ ಸಾಲು ಮಡಿಗಳನ್ನಷ್ಟೇ ನೋಡಬಹುದು. ಮೇ ತಿಂಗಳಲ್ಲಿ ಹೋಗುವವರು ಅಂಕೋಲಾದ ಕರಿ ಇಶಾಡು ಮಾವು ಸಿಕ್ಕಿದರೆ ಬಿಡಬೇಡಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ.

ಹೊಳೆಯ ಈಜು ಕಡಲಿಗೆ ಸಾಲದು

ಇದನ್ನು ಮಾತ್ರ ದಯವಿಟ್ಟು ಮಕ್ಕಳಿಗೆ ಓದಿ ಹೇಳಿ. ಕುಮಾರಧಾರೆಯಲ್ಲಿ, ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ನೀರಿನ ಹೆದರಿಕೆ ಕಡಿಮೆ. ಅಪಾಯ ಇರುವುದು ಅಲ್ಲೇ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು.

ದಡಕ್ಕೆ ಬಡಿದ ತೆರೆಯ ನೀರು ಹಿಂದೆ ಹೋಗಲೇಬೇಕಲ್ಲ? ಅದು ತಗ್ಗಿದ್ದ ಕಡೆ ಒಟ್ಟಾಗಿ, ತೋಡಿನ ಹಾಗೆ ಕಡಲಿಗೆ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಗೊತ್ತಿಲ್ಲದವರು "ಇಲ್ಲಿ ತೆರೆ ಇಲ್ಲ" ಎಂದು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮವಾಗಿ ಅಡ್ಡ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ತೆರೆಯೊಟ್ಟಿಗೆ ದಡ ಸೇರಬೇಕು. ಆಗದಿದ್ದರೆ ತೇಲುತ್ತ ಕೈ ಎತ್ತಬೇಕು.

ನಮ್ಮ ನಿಯಮ ಸರಳವಾಗಿತ್ತು. ಮರವಂತೆ ಕೂತು ನೋಡಲು ಮಾತ್ರ. ಬೇರೆ ಕಡೆ ಕಾವಲಿನವರು ಇದ್ದಲ್ಲಿ ಮಾತ್ರ ನೀರಿಗೆ, ಅದೂ ಮೊಣಕಾಲಿನವರೆಗೆ. ಕೆಂಪು ಬಾವುಟ ಕಂಡರೆ ಅದೂ ಇಲ್ಲ. ಮಕ್ಕಳು ನೀರಲ್ಲಿರುವಾಗ ದೊಡ್ಡವರೊಬ್ಬರು ಫೋನು ಚೀಲದೊಳಗೆ ಹಾಕಿ ಅವರನ್ನೇ ನೋಡುತ್ತಿರಬೇಕು.

ಮೂರು ದಿನದಲ್ಲಿ ಹಾಲು ಸ್ವಲ್ಪ ಕಡಿಮೆಯಾಗಿತ್ತು. ನಾವು ಬಂದು ಎರಡೇ ದಿನಕ್ಕೆ ಮೊದಲಿನ ಹಾಗೆ ಆಯಿತು. ತೋಟಕ್ಕೆ ಏನೂ ಆಗಲಿಲ್ಲ. ಗೋಕರ್ಣದಲ್ಲಿ ನನ್ನಾಕೆ ಬೆಳಗ್ಗೆ ಏಳು ಗಂಟೆಯವರೆಗೆ ಮಲಗಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಈ ವರ್ಷ ಹೊರಡುವ ಅಂದಾಜು ಇದ್ದವರು ರೈಲಿನ ಟಿಕೆಟು ನೋಡುವ ಮೊದಲು ಆಚೆಮನೆಗೆ ಹೋಗಿ ಮುಯ್ಯಿ ಮಾತಾಡಿ ಬನ್ನಿ. ಮನೆ ಬಿಟ್ಟು ಹೋಗಲು ಇದಕ್ಕಿಂತ ಸುಲಭದ ಉಪಾಯ ಮಾಡಿದವರಿದ್ದರೆ ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ಬೇಕು.