ಈ ಐದನ್ನ ಎಲ್ಲಿಡೋದು, ತಾತ?

ಬೇಸಿಗೆ ರಜೆಗೆ ಮೊಮ್ಮಕ್ಕಳು ಮೂವರೂ ಬಂದಿದ್ದರು. ಊಟ ಮುಗಿಸಿ ಚಾಪೆಯ ಮೇಲೆ ಕೂತವರು ಸಂಜೆಯಾದರೂ ಏಳಲಿಲ್ಲ. ಕೈಯಲ್ಲಿ ಮೊಬೈಲಿಲ್ಲ, ಟೀವಿ ಹಾಕಿಲ್ಲ. ಎದುರಿಗೆ ಪೆನ್ಸಿಲ್ಲು, ಕಾಗದ, ಒಂದು ಹಿಡಿ ದಾಳ, ಅಷ್ಟೇ. ಇದೇನು ಸೋಜಿಗ ಎಂದು ನಾನೂ ಕುರ್ಚಿ ಎಳೆದುಕೊಂಡು ಕೂತೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಇಂಜಿನಿಯರಿಂಗ್ ಓದುತ್ತಿರುವ ದೊಡ್ಡವನು ಹಾಸ್ಟೆಲಿನಲ್ಲಿ ಕಲಿತು ಬಂದಿದ್ದ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗಿನ ಒಂದೊಂದು ಪಾತ್ರವಾಗಿ ‘ನಾನು ಮರ ಹತ್ತುತ್ತೇನೆ’, ‘ನಾನು ಬಾಗಿಲು ಒದೆಯುತ್ತೇನೆ’ ಎನ್ನುತ್ತ ಹೋಗುತ್ತಾರೆ. ಆದರೆ ಕತೆ ಶುರುವಾಗುವ ಮುಂಚೆ ಪ್ರತಿ ಪಾತ್ರಕ್ಕೂ ಜಾತಕ ಬರೆಯಬೇಕು. ಬಲ, ಚುರುಕುತನ, ದೇಹದ ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ, ಒಂದೊಂದಕ್ಕೂ ಒಂದು ಅಂಕಿ. ಆ ಅಂಕಿ ಕೊಡುವುದು ದಾಳ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ನಿಯಮ ಬಹಳ ಬಿಗಿ. ಗುಣವೊಂದಕ್ಕೆ ಮೂರು ದಾಳ ಹಾಕು, ಕೂಡಿಸು, ಬರೆ. ಕಡಿಮೆಯೆಂದರೆ 3, ಹೆಚ್ಚೆಂದರೆ 18. ದಾಳ ಹಾಕುವವನು ಕೂಡ ಆಟಗಾರನಲ್ಲ, ಕತೆ ನಡೆಸುವವನು. ಮಾಂತ್ರಿಕನಾಗಬೇಕೆಂದು ಆಸೆಯಿಂದ ಕೂತವನಿಗೆ ಬುದ್ಧಿ 6 ಬಂತೋ, ಅದೇ ಅವನ ಪಾಲು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಂಕಿ ಕಂಡರೆ ಕೈ ಸುಮ್ಮನಿರದು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮೂರು ದಾಳ ಬೀಳುವ ಬಗೆ ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಒಂದು ಬಗೆಯಲ್ಲಿ. 10 ಬರಲು 27 ಬಗೆ, 11ಕ್ಕೂ 27. ಎಂದರೆ ನಾಲ್ಕು ಸಲ ಹಾಕಿದರೆ ಒಂದು ಸಲವಾದರೂ 10 ಅಥವಾ 11 ಬರಬಹುದೆಂದು ಕಾಯಬಹುದು. ನಮ್ಮ ಚೌಕಾಬಾರದಲ್ಲೂ ಹೀಗೇ ಅಲ್ಲವೇ? ನಾಲ್ಕು ಕವಡೆ ಬೀಳುವ ಬಗೆ 16. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದು ಒಪ್ಪಿಕೊಂಡರೆ ಎರಡು ಬೀಳುವುದು 6 ಬಗೆ, ಚೌಕ ಒಂದು, ಬಾರ ಒಂದು. ಚೌಕ ಬಿದ್ದಾಗ ನಮ್ಮಜ್ಜಿ ಯಾಕೆ ಅಷ್ಟು ಕೂಗುತ್ತಿದ್ದರೆಂದು ಈಗ ಅರ್ಥವಾಯಿತು.

ಮೂರೇ ದಾಳದಲ್ಲಿ ಒಪ್ಪುವಂಥ ಪಾತ್ರ ಸಿಗುವಷ್ಟರಲ್ಲಿ ಸಾಕಾಗುತ್ತದೆಂದು ಗೈಗ್ಯಾಕ್ಸ್ ಅವರಿಗೇ ಅನ್ನಿಸಿತು. 1979ರ ಪುಸ್ತಕದಲ್ಲಿ ಬೇರೆ ದಾರಿಗಳನ್ನು ಕೊಟ್ಟರು. ಅದರಲ್ಲಿ ಮೊದಲನೆಯದೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ: ನಾಲ್ಕು ದಾಳ ಹಾಕಿ ತೀರ ಚಿಕ್ಕದನ್ನು ಬಿಟ್ಟುಬಿಡುವುದು, ಬಂದ ಆರು ಅಂಕಿಗಳನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳುವುದು. ಇದರಿಂದ ಸರಾಸರಿ 10.5 ಇದ್ದದ್ದು 12.24ಕ್ಕೆ ಏರುತ್ತದೆ. 18 ಬರುವ ಅವಕಾಶ 216ಕ್ಕೆ ಒಂದು ಇದ್ದದ್ದು ಸುಮಾರು 62ಕ್ಕೆ ಒಂದಾಗುತ್ತದೆ.

ನಮ್ಮ ಮನೆಯಲ್ಲೂ ಇದೇ ಪದ್ಧತಿ. ಹನ್ನೆರಡು ವರ್ಷದ ಮೊಮ್ಮಗನಿಗೆ 13, 11, 14, 9, 12 ಬಂತು. ಕೊನೆಯ ಸಲ ಬಿದ್ದದ್ದು 1, 1, 2, 2. ಒಂದು ಒಂದನ್ನು ಬಿಟ್ಟರೆ ಉಳಿದದ್ದು 5. ಅವನ ತಂಗಿ ಒಂಬತ್ತು ವರ್ಷದವಳು ಕಣ್ಣು ಮುಚ್ಚಿ ಎಸೆದಳು: 6, 6, 6, 3. ಹದಿನೆಂಟು!

“ನಂದು ಲೆಕ್ಕಕ್ಕಿಲ್ಲ, ದಾಳ ಚಾಪೆ ಅಂಚಿಗೆ ತಗುಲ್ತು” ಎಂದ ಇವನು. ತಗುಲಿರಲಿಲ್ಲ.

ಮೂರನೆಯ ದಾರಿಯೊಂದಿದೆ ಎಂದ ದೊಡ್ಡವನು. ದಾಳವೇ ಬೇಡ. ಎಲ್ಲ ಗುಣವೂ 8ರಿಂದ ಶುರು, ಕೈಯಲ್ಲಿ 27 ಪಾಯಿಂಟು. 13ರ ತನಕ ಒಂದೊಂದು ಮೆಟ್ಟಿಲಿಗೆ ಒಂದೊಂದು ಪಾಯಿಂಟು, 14ಕ್ಕೂ 15ಕ್ಕೂ ಎರಡೆರಡು. ಅದಕ್ಕಿಂತ ಮೇಲೆ ಕೊಳ್ಳುವಂತಿಲ್ಲ. ಅದೂ ಬೇಡವೆನ್ನುವವರಿಗೆ 15, 14, 13, 12, 10, 8 ಎಂಬ ಸಿದ್ಧ ಅಂಕಿಗಳಿವೆ. ಕೂಡಿ ನೋಡಿದೆ: 9, 7, 5, 4, 2, ಸೊನ್ನೆ, ಒಟ್ಟು 27. ಪೈಸಾ ವ್ಯತ್ಯಾಸವಿಲ್ಲದೆ ಟ್ಯಾಲಿ! ನನ್ನ ಮಟ್ಟಿಗೆ ಇದೇ ನ್ಯಾಯದ ದಾರಿ. ಆದರೆ ಬಿದ್ದ ಹದಿನೆಂಟನ್ನು ಬಿಡಲು ಪುಟ್ಟಿ ಸುತರಾಂ ಒಪ್ಪಲಿಲ್ಲ. ಒಪ್ಪಬೇಕಾದರೂ ಯಾಕೆ?

ಅವನು ನನ್ನ ಮುಖ ನೋಡಿದ. “ಇನ್ನೊಂದೇ ಒಂದ್ ಸಲ ಹಾಕ್ತೀನಿ ಅಂತ ಹೇಳು ತಾತ.” ನಾನು ಲೆಡ್ಜರಿನ ಮಾತು ಹೇಳಿದೆ. ಬರೆದ ಅಂಕಿಯನ್ನು ಅಳಿಸಿ ಅದರ ಮೇಲೆ ಬರೆಯುವಂತಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ರಜೆಗೆ ಬಂದ ಮಗುವಿನ ಮುಂದೆ ಎಂಥಾ ನಿಯಮ ಹೇಳಿದೆನಪ್ಪಾ ಎನ್ನಿಸಿತು. ಆದರೂ ಮಾತು ಹಿಂತೆಗೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪೆನ್ಸಿಲ್ಲು ಕಚ್ಚುತ್ತ ಕೇಳಿದ: “ಈ ಐದನ್ನ ಎಲ್ಲಿಡೋದು, ತಾತ?”

ಬಲಕ್ಕಿಟ್ಟರೆ ಕತ್ತಿ ಎತ್ತಲಾಗದು, ತಾಳಿಕೆಗಿಟ್ಟರೆ ಒಂದೇಟಿಗೆ ನೆಲ ಹಿಡಿಯುತ್ತಾನೆ.

“ವರ್ಚಸ್ಸಿಗೆ ಇಡು” ಎಂದೆ.

“ಹಂಗಂದ್ರೆ ಮಾತಾಡಕ್ಕೇ ಬರದವನಾ?”

“ಬರುತ್ತೆ. ಬೇಕಾದಾಗ ಬರಲ್ಲ.”

“ನಿಂಗ್ಹೇಗೆ ಗೊತ್ತು?”

ಹೇಳಿದೆ. ನನಗೆ ಚಿಕ್ಕಂದಿನಿಂದ ಉಗ್ಗು. ಈಗ ಬಹುಪಾಲು ಹೋಗಿದೆ, ಫೋನು ಎತ್ತಿದಾಗ ಮಾತ್ರ ಒಮ್ಮೊಮ್ಮೆ ಇಣುಕುತ್ತದೆ. ಅಂಥವನನ್ನು ಸಣ್ಣ ಊರಿನ ಶಾಖೆಯಲ್ಲಿ ಕ್ಯಾಷ್ ಕೌಂಟರಿಗೆ ಹಾಕಿದರು. ಹಿತ್ತಾಳೆ ಟೋಕನ್ನಿನ ಕಾಲ, ನಂಬರು ಕೂಗಿ ಹಣ ಕೊಡಬೇಕು. ಮೂವತ್ತೊಂದು ಎನ್ನಲು ಬಾಯಿ ತೆರೆದು ‘ಮೂ’ ದಾಟುವಷ್ಟರಲ್ಲಿ ಸಾಲಿನಲ್ಲಿದ್ದವರೇ ಮುಗಿಸುತ್ತಿದ್ದರು. ಕೆಲವರು ನನ್ನ ಹಾಗೇ ಹೇಳಿ ನಗುತ್ತಿದ್ದರು. ಒಂದು ತಿಂಗಳು ಮಧ್ಯಾಹ್ನದ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ. ಆಮೇಲೊಂದು ದಿನ ಮನೆಯಿಂದ ಮಗಳ ಸ್ಲೇಟು ತೆಗೆದುಕೊಂಡು ಹೋದೆ. ಟೋಕನ್ ನಂಬರು ದಪ್ಪಗೆ ಬರೆದು ಜಾಲರಿಯ ಮೇಲೆ ಎತ್ತಿ ಹಿಡಿದೆ. ಮೂರು ವರ್ಷ ಹಾಗೇ ನಡೆಯಿತು.

“ನಮ್ಮಮ್ಮನ ಸ್ಲೇಟಾ?” ಎಂದು ಕೇಳಿದ. ಅವನಿಗೆ ಅದೇ ದೊಡ್ಡ ಸುದ್ದಿ. ವರ್ಚಸ್ಸೆಂದರೆ ಬರೀ ಮಾತಲ್ಲ ತಾತ ಎಂದು ದೊಡ್ಡವನು ತಿದ್ದಿದ. ಇರಲಿ. 5 ಅಲ್ಲೇ ಕೂತಿತು, 14 ಬುದ್ಧಿಗೆ ಹೋಯಿತು.

ಕತೆ ಶುರುವಾಗಿ ಕೋಟೆ ಬಾಗಿಲಿಗೆ ಬಂದರು. ಕಾವಲುಗಾರ ತಡೆದ. ಇಲ್ಲಿ ಇಪ್ಪತ್ತು ಮುಖದ ದಾಳ ಹಾಕಬೇಕು. (ಅದಿಲ್ಲದವರು 1ರಿಂದ 20 ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತಬಹುದು, ಎತ್ತಿದ್ದನ್ನು ಮತ್ತೆ ಒಳಗೆ ಹಾಕಬೇಕು. ಗುಣದ ಅಂಕಿಗಳಿಗೆ ಲೂಡೊ ದಾಳವೇ ಸಾಕು.) ಗುಣ 10 ಅಥವಾ 11 ಇದ್ದರೆ ಬಿದ್ದದ್ದೇ ಲೆಕ್ಕ. 14 ಇದ್ದರೆ 2 ಸೇರುತ್ತದೆ, 5 ಇದ್ದರೆ 3 ಕಳೆಯುತ್ತದೆ. ಬೇಕಿದ್ದದ್ದು 13. ಅವನಿಗೆ ಬಿದ್ದದ್ದು 12, ಮೂರು ಕಳೆದು 9. ಕಾವಲುಗಾರ ಗಹಗಹಿಸಿ ನಕ್ಕ. ದೊಡ್ಡವನು ನಗುವುದನ್ನು ಚೆನ್ನಾಗಿಯೇ ಮಾಡಿದ.

ಹುಡುಗ ಪೆಚ್ಚಾಗಲಿಲ್ಲ. “ನಾನು ಇದ್ದಿಲು ತಗೊಂಡು ಗುರಾಣಿ ಹಿಂದೆ ಬರೆದು ತೋರಿಸ್ತೀನಿ” ಎಂದ. ದೊಡ್ಡವನು ತಲೆ ಕೆರೆದುಕೊಂಡು, ಸರಿ, ಹಾಗಾದರೆ ಇದು ಬುದ್ಧಿಯ ಲೆಕ್ಕ, ಹಾಕು ಎಂದ. ಬಿದ್ದದ್ದು 11, ಎರಡು ಸೇರಿ 13. ಬಾಗಿಲು ತೆರೆಯಿತು.

ಪುಟ್ಟಿಗೆ ಕೋಪ. ಬಾಗಿಲು ಮುರಿಯಲೆಂದೇ ಅವಳು ಬಲಕ್ಕೆ 18 ಇಟ್ಟುಕೊಂಡು ಕಾದಿದ್ದಳು.

ಮರುದಿನ ಬೆಳಿಗ್ಗೆ ಅವನು ಬಿಡದೆ ನನ್ನ ಕೈಲಿ ಅಟ್ಟ ಹುಡುಕಿಸಿದ. ಸ್ಲೇಟು ಸಿಗಲಿಲ್ಲ. ಅಜ್ಜಿಯ ಕಾಲದ ಕವಡೆ ಚೀಲ ಸಿಕ್ಕಿತು. ಪುಟ್ಟಿ ಧೂಳು ಒರೆಸಿ ನೆಲದ ಮೇಲೆ ನಾಲ್ಕು ಕವಡೆ ಚೆಲ್ಲಿದಳು. ನಾಲ್ಕೂ ಅಂಗಾತ, ಚೌಕ.