ಪಾವಗಡದ ಬಿಸಿಲು, ಬೈಬಲ್‌ನ ಹಕ್ಕಲು

ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಪಾವಗಡ ತಾಲ್ಲೂಕಿನ ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆಯಲಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಮಳೆ ನೆಚ್ಚಿ ಕಡಲೆಕಾಯಿ ಬಿತ್ತುತ್ತಿದ್ದ ಸೀಮೆಗೆ ಇದು ಸಣ್ಣ ಮೊತ್ತವೇನಲ್ಲ.

2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ಪತ್ರ, ಕಲ್ಲಿದ್ದಲು ಮತ್ತು ತೈಲದಿಂದ ಜಗತ್ತು ತಡಮಾಡದೆ ಹೊರಬರಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ಪಾವಗಡ ಪಾಸು. ಆದರೆ ಯೋಜನೆಯ ಪರಿಣಾಮವನ್ನು ಮೊದಲೇ ಅಳೆಯಬೇಕು, ಸ್ಥಳೀಯರ ಮಾತಿಗೆ ವಿಶೇಷ ಬೆಲೆ ಇರಬೇಕು ಎಂಬುದೂ ಅದೇ ಪತ್ರದ ಮಾತು. ಭಾರತದಲ್ಲಿ ಸೌರ ಫಲಕದ ಯೋಜನೆಗಳಿಗೆ ಪರಿಸರ ಅನುಮತಿಯೇ ಕಡ್ಡಾಯವಲ್ಲ.

ಇನ್ನೂ ಹಳೆಯದು ಬೈಬಲ್‌ನ ಯಾಜಕಕಾಂಡ, 19ನೇ ಅಧ್ಯಾಯ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಉದುರಿದ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂಬುದು ಅಲ್ಲಿನ ಕಟ್ಟಳೆ. ಬೈಬಲ್‌ನದೇ ಇನ್ನೊಂದು ಕಥೆಯಲ್ಲಿ ವಿಧವೆ ರೂತಳು ಅತ್ತೆಯನ್ನು ಸಾಕಿದ್ದು ಹೀಗೆ ಹಕ್ಕಲಾಯ್ದೇ.

ಪಾವಗಡದಲ್ಲಿ ಗುತ್ತಿಗೆ ಹಣ ಹೋಗುವುದು ಜಮೀನಿನ ಒಡೆಯರಿಗೆ. ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಪಹಣಿ ಎಲ್ಲಿಂದ ಬರಬೇಕು? ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು: ಪಾರ್ಕಿನಲ್ಲಿ ಇಂಥ ಕೆಲಸಗಳಿವೆ, ಆದರೆ ಹೊಲದಷ್ಟು ಕೈಗಳು ಅಲ್ಲಿ ಬೇಕಿಲ್ಲ. ಹಕ್ಕಲಿನ ಕಟ್ಟಳೆಯನ್ನು ಇಲ್ಲಿಗೆ ತಂದರೆ, ವಿದ್ಯುತ್ತಿನ ಆದಾಯದಲ್ಲಿ ಒಂದು ಪಾಲು ಭೂಮಿ ಇಲ್ಲದವರ ಹೆಸರಿಗೂ ಬರೆಯಬೇಕಾಗುತ್ತದೆ.